ಅಂಗಳದ ಮಾವಿನ ಮರಗಳಷ್ಟೇ ಏಕೆ ಒಣಗುತ್ತಿವೆ?

ಪ್ರಶ್ನೆ: ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನಮಗೆ ಮೂರು ಎಕರೆ ಮಾವಿನ ತೋಟವಿದೆ. ಬಾದಾಮಿ, ಬೇನಿಷಾ ಮತ್ತು ತೋತಾಪುರಿ ಮರಗಳಿಗೆ ನಲವತ್ತು ವರ್ಷ ದಾಟಿದೆ. ನಾಲ್ಕು ವರ್ಷಗಳ ಹಿಂದೆ ತೋಟದಲ್ಲೇ ಮನೆ ಕಟ್ಟಿಸಿ, ತಗ್ಗಾಗಿದ್ದ ಅಂಗಳಕ್ಕೆ ಕೆರೆಗೋಡು ಹೊಡೆಸಿ ಎರಡು ಅಡಿ ಎತ್ತರಿಸಿದೆವು; ಪೂರ್ವದ ಅಂಚಿನಲ್ಲಿ ಕಾಂಪೌಂಡಿಗೆ ಪಾಯ ತೆಗೆಸಿದೆವು. ಕಳೆದ ವರ್ಷ ಎರಡು ಮರಗಳ ತುದಿ ಒಣಗಿತು, ಈ ವರ್ಷ ಇನ್ನೂ ಮೂರಕ್ಕೆ ಅದೇ ಗತಿಯಾಗಿದೆ. ಪಂಪ್‌ಹೌಸ್ ಬಳಿಯ ಮತ್ತೊಂದು ಮರದ ಕಾಂಡದಿಂದ ಹೊಟ್ಟು ಉದುರುತ್ತಿದೆ. ಔಷಧಿ ಅಂಗಡಿಯವರು ಹೇಳಿದಂತೆ ಬುಡಕ್ಕೆ ಶಿಲೀಂಧ್ರನಾಶಕ ಸುರಿದು, ಯೂರಿಯಾ ಕೊಟ್ಟರೂ ಗುಣ ಕಾಣಲಿಲ್ಲ. ಇದು ಯಾವ ರೋಗ? ಉಳಿದ ಮರಗಳಿಗೂ ಹರಡುತ್ತದೆಯೇ? ತೋಟದ ನಕ್ಷೆಯನ್ನು ಲಗತ್ತಿಸಿದ್ದೇನೆ.

ಉತ್ತರ: ಒಣಗುತ್ತಿರುವ ಐದು ಮರಗಳೂ ಮಣ್ಣು ತುಂಬಿಸಿದ ಅಂಗಳದೊಳಗಿವೆ, ಅದರಾಚೆಯ ಅದೇ ವಯಸ್ಸಿನ, ಅದೇ ತಳಿಯ ಮರಗಳು ಹಸಿರಾಗಿವೆ ಎಂಬುದನ್ನು ನಿಮ್ಮ ನಕ್ಷೆಯೇ ತೋರಿಸುತ್ತಿದೆ. ಹರಡುವ ರೋಗವಾಗಿದ್ದರೆ ಅದು ನೀವು ಮಣ್ಣು ಹೊಡೆಸಿದ ಗೆರೆಗೆ ಸರಿಯಾಗಿ ಬಂದು ನಿಲ್ಲುತ್ತಿರಲಿಲ್ಲ. ಆದ್ದರಿಂದ ಈ ಐದು ಮರಗಳ ಮಟ್ಟಿಗೆ ನನ್ನ ಅನುಮಾನ ರೋಗದ ಮೇಲಲ್ಲ, ಆ ಎರಡು ಅಡಿ ಕೆರೆಗೋಡಿನ ಮೇಲೆ. ಪಂಪ್‌ಹೌಸ್ ಬಳಿಯ ಮರದ ಕಥೆ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ಮಾವಿನ ತಾಯಿಬೇರು ಎಷ್ಟೇ ಆಳಕ್ಕಿಳಿದಿರಲಿ, ನೀರು ಮತ್ತು ಗೊಬ್ಬರವನ್ನು ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಇರುತ್ತವೆ ಮತ್ತು ಕೊಂಬೆಗಳ ನೆರಳಿನಾಚೆಗೂ ಚಾಚಿರುತ್ತವೆ. ಅವುಗಳಿಗೆ ನೀರಿನಷ್ಟೇ ಗಾಳಿಯೂ ಬೇಕು. ಕೆರೆಗೋಡು ಹೊಲಕ್ಕೆ ತೆಳುವಾಗಿ ಹರಡಿದರೆ ಬಂಗಾರ. ಆದರೆ ಅದು ಜಿಗುಟು ಮಣ್ಣಾದ್ದರಿಂದ, ಲಾರಿ ಮತ್ತು ಜೆಸಿಬಿ ಓಡಾಡಿ ಗಟ್ಟಿಯಾದ ಎರಡು ಅಡಿ ಪದರದ ಕೆಳಗೆ ಹಳೆಯ ಬೇರುಗಳು ಉಸಿರುಕಟ್ಟಿ ನಿಧಾನವಾಗಿ ಕೊಳೆಯುತ್ತವೆ. ದೊಡ್ಡ ಮರ ತನ್ನಲ್ಲಿ ಕೂಡಿಟ್ಟ ಆಹಾರದ ಬಲದಿಂದ ಎರಡು ಮೂರು ವರ್ಷ ಏನೂ ಆಗದಂತೆ ನಿಂತಿರುತ್ತದೆ. ಮಣ್ಣು ಹೊಡೆಸಿದ್ದು ಆಗ, ತುದಿ ಒಣಗಿದ್ದು ಈಗ. ನಡುವೆ ಇಷ್ಟು ಕಾಲ ಸರಿದುಹೋಗುವುದರಿಂದಲೇ ಎರಡಕ್ಕೂ ಇರುವ ಸಂಬಂಧ ಯಾರಿಗೂ ಹೊಳೆಯುವುದಿಲ್ಲ. ಪಾಯ ತೆಗೆದ ಕಡೆಯ ಮರಗಳಲ್ಲಿ ಪೂರ್ವದ ಕೊಂಬೆಗಳು ಮೊದಲು ಒಣಗಿದ್ದರೆ, ಆ ಬದಿಯ ಬೇರುಗಳು ಕತ್ತರಿಸಿ ಹೋಗಿರುವುದೂ ಕಾರಣವಾಗಿರಬಹುದು.

ಇದನ್ನು ನೀವೇ ಪರೀಕ್ಷಿಸಿ ನೋಡಬಹುದು. ಆರೋಗ್ಯವಂತ ಹಳೆಯ ಮಾವಿನ ಬುಡ ನೆಲ ಮುಟ್ಟುವಲ್ಲಿ ಆನೆಯ ಪಾದದಂತೆ ಅಗಲವಾಗುತ್ತದೆ. ನಿಮ್ಮ ಅಂಗಳದ ಮರಗಳು ಕರೆಂಟ್ ಕಂಬ ಹುಗಿದಂತೆ ನೇರವಾಗಿ ಮಣ್ಣಿಗಿಳಿದಿದ್ದರೆ, ಬುಡ ಹೂತುಹೋಗಿದೆ ಎಂದೇ ಅರ್ಥ. ಒಂದು ಮರದ ಪಕ್ಕ ಹಳೆಯ ನೆಲದ ಮಟ್ಟದವರೆಗೆ ಗುಂಡಿ ತೋಡಿ ಬೆರಳು ಗಾತ್ರದ ಒಂದು ಬೇರನ್ನು ಹಿಡಿದು ನೋಡಿ: ಸಿಪ್ಪೆ ಕೈಗೆ ಕಳಚಿ ಬಂದು, ಒಳಗೆ ಕಂದು ಬಣ್ಣವಾಗಿ, ಕೊಳೆತ ವಾಸನೆ ಬಂದರೆ ಬೇರೆ ಸಾಕ್ಷಿ ಬೇಕಿಲ್ಲ. ಹಾಗೆಯೇ ಕೊಂಬೆಯ ತೊಗಟೆಯನ್ನು ತುದಿಯಿಂದ ಕೆಳಕ್ಕೆ ಅಲ್ಲಲ್ಲಿ ಚಾಕುವಿನಿಂದ ಕೆರೆಯುತ್ತ ಬನ್ನಿ. ಹಸಿರು ಎಲ್ಲಿ ಕಾಣುತ್ತದೆಯೋ ಅಲ್ಲಿಂದ ಕೆಳಗೆ ಜೀವವಿದೆ.

ಅರ್ಧಕ್ಕಿಂತ ಹೆಚ್ಚು ಒಣಗಿದ ಮರದ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಉಳಿದವುಗಳ ಸುತ್ತ ತುಂಬಿಸಿದ ಮಣ್ಣನ್ನು ಹಳೆಯ ಮಟ್ಟದವರೆಗೆ, ಸಾಧ್ಯವಾದರೆ ಕೊಂಬೆಗಳ ನೆರಳಿನ ಅಂಚಿನವರೆಗೂ ತೆಗೆಸಿ. ಈ ಕೆಲಸ ಗುದ್ದಲಿ ಸನಿಕೆಯಲ್ಲೇ ಆಗಬೇಕು. ಜೆಸಿಬಿ ಮತ್ತೆ ಬಂದರೆ ಉಳಿದ ಬೇರುಗಳೂ ಹೋಗುತ್ತವೆ. ಬುಡದ ಸುತ್ತ ಮೂರಡಿ ಬಿಡಿಸಿ ಕಟ್ಟೆ ಕಟ್ಟಿದರೆ ನೋಡಲು ಚೆಂದ, ಮರಕ್ಕೆ ಹೆಚ್ಚು ಪ್ರಯೋಜನವಿಲ್ಲ. ಬಯಲಾದ ಜಾಗಕ್ಕೆ ಬಿಸಿಲು ತಾಗದಂತೆ ತರಗೆಲೆ ಹೊದಿಸಿ, ನೀರನ್ನು ಬುಡಕ್ಕೆ ಬಿಡದೆ ನೆರಳಿನ ಅಂಚಿಗೆ ಕೊಡಿ. ಒಣಗಿದ ಕೊಂಬೆಗಳನ್ನು ಹಸಿರು ಭಾಗದವರೆಗೆ ಕತ್ತರಿಸಿ, ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಮತ್ತು ಹತ್ತು ಲೀಟರ್ ನೀರು ಅದರ ಪ್ರಮಾಣ. ಯೂರಿಯಾವನ್ನು ಸದ್ಯಕ್ಕೆ ನಿಲ್ಲಿಸಿ, ಏಕೆಂದರೆ ಹೀರುವ ಬೇರೇ ಇಲ್ಲದ ಮರಕ್ಕೆ ಅದು ಹೊರೆ. ಚೇತರಿಕೆ ಕಾಣಲು ಎರಡು ಮಳೆಗಾಲ ಬೇಕಾದೀತು.

ಪಂಪ್‌ಹೌಸ್ ಬಳಿಯ ಮರಕ್ಕೆ ಹತ್ತಿರುವುದು ಕಾಂಡ ಕೊರೆಯುವ ಹುಳು. ಉದ್ದ ಮೀಸೆಯ ಬೂದು ದುಂಬಿ ತೊಗಟೆಯಲ್ಲಿ ಮೊಟ್ಟೆ ಇಡುತ್ತದೆ, ಕಾಲಿಲ್ಲದ ಬಿಳಿ ಮರಿಹುಳು ತಿಂಗಳುಗಟ್ಟಲೆ ಒಳಗೆ ಸುರಂಗ ಕೊರೆಯುತ್ತ ಹೊಟ್ಟನ್ನು ಹೊರದಬ್ಬುತ್ತದೆ. ಸೊರಗಿದ ಮರಗಳು ಅದಕ್ಕೆ ಬೇಗ ತುತ್ತಾಗುವುದರಿಂದ ಅಂಗಳದ ಮರಗಳ ಮೇಲೂ ಕಣ್ಣಿಡಿ. ಹೊಟ್ಟು ಬೀಳುವ ತೂತನ್ನು ಹುಡುಕಿ, ಸೈಕಲ್ ಕಡ್ಡಿಯನ್ನು ಒಳಗೆ ಆಡಿಸಿ ಹುಳುವನ್ನು ಚುಚ್ಚಿ ಕೊಂದು, ತೂತಿಗೆ ಹಸಿಮಣ್ಣು ಮೆತ್ತಿ. ವಾರದ ಮೇಲೆ ಮತ್ತೆ ಹೊಸ ಹೊಟ್ಟು ಕಂಡರೆ ಒಳಗೆ ಇನ್ನೂ ಹುಳುವಿದೆ. ಹಳೆಯ ಕೈಪಿಡಿಗಳಲ್ಲಿ ಇದಕ್ಕೆ ಡೈಕ್ಲೋರ್‌ವಾಸ್ ಅದ್ದಿದ ಹತ್ತಿ ತುರುಕಲು ಹೇಳಿರುತ್ತದೆ; 2020ರ ಕೊನೆಯ ನಂತರ ನಮ್ಮ ದೇಶದಲ್ಲಿ ಅದರ ಬಳಕೆಗೆ ಅವಕಾಶವಿಲ್ಲ. ಈಗ ಯಾವುದನ್ನು ಬಳಸಬಹುದೆಂದು ಕೋಲಾರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಹೋಗುವಾಗ ಬೇರಿನ ಚೂರು ಮತ್ತು ಹೊಟ್ಟು ಎರಡನ್ನೂ ಬೇರೆ ಬೇರೆ ಚೀಲದಲ್ಲಿ ಒಯ್ದರೆ ನನ್ನ ಅನುಮಾನವೂ ಪರೀಕ್ಷೆಗೆ ಒಳಪಡುತ್ತದೆ.

ಈ ಮರವನ್ನು ಕಡಿಯಲೇಬೇಕಾಗಿ ಬಂದರೆ ದಿಮ್ಮಿಗಳನ್ನು ಸೌದೆಯೆಂದು ತೋಟದಲ್ಲಿ ಪೇರಿಸಿಡಬೇಡಿ. ಒಳಗಿನ ಹುಳು ದುಂಬಿಯಾಗಿ ಅಲ್ಲಿಂದಲೇ ಹೊರಬಂದು ಪಕ್ಕದ ಮರಕ್ಕೆ ಹಾರುತ್ತದೆ, ಆದ್ದರಿಂದ ಮುಂದಿನ ಮಳೆಗಾಲಕ್ಕೆ ಮೊದಲೇ ಸೀಳಿ ಒಲೆಗೆ ಹಾಕಿ ಮುಗಿಸಿ.