ಸಿಬ್ಬಂದಿ ಕಡತ: ಯಾವುದನ್ನು ಎಷ್ಟು ವರ್ಷ ಇಡಬೇಕು?

ಪ್ರಶ್ನೆ: ವಿಶ್ವವಿದ್ಯಾಲಯದ ದಾಖಲೆ ಕೊಠಡಿಯಲ್ಲಿ ನಿವೃತ್ತರ, ರಾಜೀನಾಮೆ ಕೊಟ್ಟವರ ಕಡತಗಳು ಛಾವಣಿ ಮುಟ್ಟಿವೆ. ಎಲ್ಲವನ್ನೂ ಶಾಶ್ವತವಾಗಿ ಇಡಿ ಅನ್ನುವವರೂ ಇದ್ದಾರೆ, ಹತ್ತು ವರ್ಷ ಕಳೆದದ್ದನ್ನು ನಾಶಮಾಡಿ ಅನ್ನುವವರೂ ಇದ್ದಾರೆ. ಯಾವುದು ಸರಿ?

ಉತ್ತರ: ಎರಡೂ ಅಲ್ಲ. ಇಡೀ ಕಡತಕ್ಕೆ ಒಂದೇ ಅವಧಿ ಗೊತ್ತುಮಾಡುವುದೇ ತೊಡಕಿನ ಮೂಲ. ನೇಮಕಾತಿ ಆದೇಶವೂ ಎರಡು ದಿನದ ರಜೆ ಅರ್ಜಿಯೂ ಒಂದೇ ದಾರದಲ್ಲಿ ಪೋಣಿಸಿಕೊಂಡಿರುತ್ತವೆ. ಅವುಗಳ ಆಯಸ್ಸು ಮಾತ್ರ ಬೇರೆ ಬೇರೆ.

ಮೊದಲು ತಿರುಳನ್ನು ಬೇರ್ಪಡಿಸಿ: ನೇಮಕಾತಿ ಆದೇಶ, ಜನ್ಮದಿನಾಂಕದ ದಾಖಲೆ, ಹುದ್ದೆ ಮತ್ತು ವೇತನದ ಬದಲಾವಣೆಗಳು, ವೇತನರಹಿತ ರಜೆಯ ಅವಧಿ, ಪಿಂಚಣಿಯ ನಾಮನಿರ್ದೇಶನ, ಸೇವೆಯಿಂದ ಬಿಡುಗಡೆಯಾದ ದಿನ. ನೌಕರರ ಪಿಂಚಣಿ ಮಾತ್ರವಲ್ಲ, ಅವರ ನಂತರ ಕುಟುಂಬಕ್ಕೆ ಸಲ್ಲುವುದೂ ಮುಗಿಯುವವರೆಗೆ ಇವು ಇರಬೇಕು. ಪಿಂಚಣಿ ಇಲ್ಲದವರದ್ದಾದರೆ ಸೇವೆಯ ಸಾರಾಂಶದ ಒಂದೇ ಒಂದು ಹಾಳೆಯನ್ನು ಕಾಯಂ ಇಟ್ಟರೆ ಸಾಕು. ದಶಕಗಳ ನಂತರ ಸೇವಾ ಪ್ರಮಾಣಪತ್ರ ಕೇಳಿ ಬಂದವರಿಗೆ ಉತ್ತರ ಕೊಡಲು ಅದು ಬೇಕೇ ಬೇಕು.

ಉಳಿದ ಕಾಗದಗಳ ಅವಧಿಯನ್ನು ದಾವೆ ಹೂಡಲು ಕಾನೂನು ಕೊಡುವ ಕಾಲಮಿತಿ ನಿರ್ಧರಿಸುತ್ತದೆ. ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಕೆಲಸ ಬಿಟ್ಟ ಮೇಲೆ 6 ವರ್ಷ ಇಡುವುದು ರೂಢಿ, ಏಕೆಂದರೆ ಅಲ್ಲಿನ 1980ರ ಕಾಲಮಿತಿ ಕಾಯ್ದೆ ಕರಾರು ಉಲ್ಲಂಘನೆಯ ದಾವೆಗೆ ಅಷ್ಟು ಸಮಯ ಕೊಡುತ್ತದೆ. ನಿಮ್ಮಲ್ಲಿನ ಕಾಲಮಿತಿ ಎಷ್ಟೋ ಅದಕ್ಕೆ ಒಂದು ವರ್ಷ ಸೇರಿಸಿಕೊಳ್ಳುವುದು ಒಳ್ಳೆಯದು. ಕೊನೆಯ ದಿನ ಹೂಡಿದ ದಾವೆಯ ನೋಟಿಸು ಕಚೇರಿಗೆ ಮುಟ್ಟಲು ತಿಂಗಳುಗಳೇ ಹಿಡಿಯಬಹುದು.

ಎಲ್ಲರೂ ಮರೆಯುವುದು ಪ್ರಯೋಗಾಲಯದ ಸಿಬ್ಬಂದಿಯನ್ನು. ಕಲ್ನಾರಿನ ದೂಳಿನಿಂದ ಬರುವ ಕ್ಯಾನ್ಸರ್ ಕಾಣಿಸಿಕೊಳ್ಳಲು 20ರಿಂದ 50 ವರ್ಷ ಹಿಡಿಯಬಹುದು. ಅದಕ್ಕೇ ಅಪಾಯಕಾರಿ ವಸ್ತುಗಳೊಡನೆ ಕೆಲಸ ಮಾಡುವವರ ಆರೋಗ್ಯ ತಪಾಸಣೆಯ ದಾಖಲೆಯನ್ನು ಬ್ರಿಟನ್ನಿನಲ್ಲಿ ಕೊನೆಯ ನಮೂದಿನಿಂದ 40 ವರ್ಷ, ಅಮೆರಿಕದಲ್ಲಿ ಇಂಥವರ ವೈದ್ಯಕೀಯ ದಾಖಲೆಯನ್ನು ಸೇವಾವಧಿಯ ಜೊತೆಗೆ 30 ವರ್ಷ ಇಡಬೇಕೆಂಬ ನಿಯಮವಿದೆ. ಈ ಕಾಗದಗಳು ಸಾಮಾನ್ಯವಾಗಿ ಸಿಬ್ಬಂದಿ ಶಾಖೆಯಲ್ಲಿ ಇರುವುದಿಲ್ಲ, ಆಯಾ ವಿಭಾಗದ ಬೀರುವಿನಲ್ಲಿರುತ್ತವೆ. ಪ್ರಯೋಗಾಲಯ ಮುಚ್ಚಿದ ದಿನ ಬೀರುವಿನ ಜೊತೆಗೇ ಗುಜರಿಗೆ ಹೋಗಿಬಿಡುತ್ತವೆ. ಹಾಗಾಗಿ ಅವುಗಳ ಒಂದು ಪ್ರತಿ ಕೇಂದ್ರ ಕಚೇರಿಯಲ್ಲಿರಲಿ.

ಪ್ರಶ್ನೆ: ಅವಧಿಯನ್ನು ಯಾವ ದಿನದಿಂದ ಎಣಿಸಬೇಕು?

ಉತ್ತರ: ಕಾಗದ ತಯಾರಾದ ದಿನದಿಂದ ಅಲ್ಲ, ನೌಕರ ಸೇವೆಯಿಂದ ಬಿಡುಗಡೆಯಾದ ದಿನದಿಂದ. ತಂತ್ರಾಂಶದಲ್ಲಿ ‘7 ವರ್ಷ ಹಳೆಯದನ್ನು ಅಳಿಸು’ ಎಂದಷ್ಟೇ ಹಾಕಿದರೆ, ಈಗಲೂ ಕೆಲಸದಲ್ಲಿರುವ ಪ್ರಾಧ್ಯಾಪಕರ ನೇಮಕಾತಿ ಆದೇಶವೇ ಮೊದಲು ಮಾಯವಾಗುತ್ತದೆ. ಅತಿಥಿ ಉಪನ್ಯಾಸಕರಂತೆ ಮತ್ತೆ ಮತ್ತೆ ಕರಾರಿನ ಮೇಲೆ ಬರುವವರಿಗೆ ಕೊನೆಯ ಕರಾರು ಮುಗಿದ ದಿನವೇ ಲೆಕ್ಕ.

ಪ್ರಶ್ನೆ: ಆಯ್ಕೆಯಾಗದ ಅಭ್ಯರ್ಥಿಗಳ ಅರ್ಜಿಗಳು?

ಉತ್ತರ: ಬ್ರಿಟನ್ನಿನಲ್ಲಿ 6 ತಿಂಗಳಿಂದ 1 ವರ್ಷ ಇಡುವುದು ಸಾಮಾನ್ಯ, ಅಮೆರಿಕದ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 2 ವರ್ಷದ ನಿಯಮವಿದೆ. ಆಯ್ಕೆ ಸಮಿತಿಯ ಅಂಕಪಟ್ಟಿಯೂ ಅರ್ಜಿಗಳ ಜೊತೆಗೇ ಇರಲಿ. ಆಯ್ಕೆ ಪ್ರಶ್ನಿಸಿ ಯಾರಾದರೂ ಬಂದರೆ ಮೊದಲು ಕೇಳುವುದು ಅದನ್ನೇ.

ಪ್ರಶ್ನೆ: ಎಲ್ಲವನ್ನೂ ಸ್ಕ್ಯಾನ್ ಮಾಡಿ ಇಟ್ಟುಕೊಂಡರೆ ಈ ತಲೆನೋವೇ ಇರುವುದಿಲ್ಲವಲ್ಲ?

ಉತ್ತರ: ಕಂಪ್ಯೂಟರಿನಲ್ಲಿ ಜಾಗ ಇದೆ ಎಂಬುದು ಒಬ್ಬರ ಖಾಸಗಿ ವಿವರಗಳನ್ನು ಇಟ್ಟುಕೊಳ್ಳಲು ಕಾರಣವಾಗದು. 2018ರಲ್ಲಿ ಜಾರಿಗೆ ಬಂದ ಐರೋಪ್ಯ ಒಕ್ಕೂಟದ ದತ್ತಾಂಶ ನಿಯಮವಂತೂ ಅಗತ್ಯ ಮೀರಿ ಇಟ್ಟುಕೊಳ್ಳುವುದನ್ನೇ ತಪ್ಪೆನ್ನುತ್ತದೆ. ಸ್ಕ್ಯಾನ್ ಮಾಡುವುದಾದರೆ ಹಾಳೆಯ ಹಿಂಬದಿಯನ್ನೂ ಮಾಡಿಸಿ. ತಿದ್ದುಪಡಿಯ ಷರಾ, ಮೊಹರುಗಳು ಎಷ್ಟೋ ಸಲ ಅಲ್ಲೇ ಇರುತ್ತವೆ. ಮೂಲದೊಡನೆ ತಾಳೆ ನೋಡುವ ಮೊದಲು ಮೂಲವನ್ನು ಮುಟ್ಟಬೇಡಿ.

ನಾಶಪಡಿಸುವಾಗ ಮೊದಲು ಪಟ್ಟಿ ಮಾಡಿ, ಕಾನೂನು, ಹಣಕಾಸು, ಪಿಂಚಣಿ ಶಾಖೆಗಳಿಗೆ ಕಳಿಸಿ. ಇಲಾಖಾ ವಿಚಾರಣೆ, ದಾವೆ ಅಥವಾ ಲೆಕ್ಕಪರಿಶೋಧನೆಯ ಆಕ್ಷೇಪಣೆ ಬಾಕಿ ಇದ್ದರೆ ಆ ಕಡತ ಪಟ್ಟಿಯಿಂದ ಹೊರಗೆ, ಅವಧಿ ಮುಗಿದಿದ್ದರೂ ಸರಿ. ವಿಭಾಗ ಮುಖ್ಯಸ್ಥರ ಮೇಜಿನ ಖಾನೆಯಲ್ಲಿರುವ ನಕಲು, ಇಮೇಲ್ ಲಗತ್ತುಗಳು, ಬ್ಯಾಕಪ್ ಇವನ್ನೂ ಹುಡುಕಿ ತೆಗೆಯಿರಿ. ಕಾಗದವನ್ನು ರದ್ದಿಗೆ ಮಾರದೆ ಚೂರು ಮಾಡಿಸಿ. ಯಾವ ಬಗೆಯ ಕಡತ, ಯಾವ ವರ್ಷಗಳದ್ದು, ಎಷ್ಟು ಕಟ್ಟು, ಯಾವ ನಿಯಮದಡಿ, ಯಾವ ದಿನ ನಾಶವಾಯಿತು ಎಂಬುದನ್ನು ವಹಿಯಲ್ಲಿ ಬರೆದು ಇಬ್ಬರು ಸಹಿ ಹಾಕಲಿ. ಆ ವಹಿಯನ್ನು ಮಾತ್ರ ಎಂದೂ ವಿಲೇವಾರಿ ಮಾಡುವಂತಿಲ್ಲ.