ಮಂಗಳೂರಿನಲ್ಲಿ ದೂರು ಕೊಟ್ಟು ಚರಂಡಿ ಕ್ಲೀನ್ ಮಾಡಿಸಿದರೂ ಮತ್ತೆ ರಸ್ತೆಯಲ್ಲೇ ನೀರು ನಿಲ್ಲುವುದೇಕೆ?

ಹೆಚ್ಚಿನ ಸಲ ನಾವು ದೂರುವುದು ನೀರು ನಿಂತ ಜಾಗದ ಬಗ್ಗೆ, ಚರಂಡಿ ಕಟ್ಟಿಕೊಂಡ ಜಾಗದ ಬಗ್ಗೆ ಅಲ್ಲ. ತಡೆ ಇರುವುದು ಸಾಮಾನ್ಯವಾಗಿ ಇಳಿಜಾರಿನ ಕೆಳಬದಿಯಲ್ಲಿ: ಯಾರದೋ ಗೇಟಿನ ಮುಂದಿನ ಮೋರಿ, ಚರಂಡಿಗೆ ಅಡ್ಡ ಹಾಯಿಸಿದ ಪೈಪು, ಅದಕ್ಕೆ ಸಿಕ್ಕಿಕೊಂಡ ಪ್ಲಾಸ್ಟಿಕ್, ತೆಂಗಿನ ಗರಿ, ಮೇಲೆ ಕೆಂಪು ಮಣ್ಣು. ಮಳೆ ಬಿಟ್ಟ ಕೂಡಲೇ ಚರಂಡಿ ಹಿಡಿದು ಕೆಳಗೆ ನಡೆಯಿರಿ. ಚರಂಡಿಗೆ ಮುಚ್ಚಿದ ಚಪ್ಪಡಿಗಿಂತ ಇಳಿಜಾರಿನ ಮೇಲ್ಬದಿಯಲ್ಲಿ ನೀರು ತುಂಬಿದ್ದು ಕೆಳಬದಿ ಬರಿದಾಗಿದ್ದರೆ ತಡೆ ಅದರಡಿಯೇ. ಅಲ್ಲಿನ ಫೋಟೋ, ವಾರ್ಡ್, ಹತ್ತಿರದ ವಿದ್ಯುತ್ ಕಂಬದ ನಂಬರ್ ಸೇರಿಸಿ ಪಾಲಿಕೆಗೆ ಕೊಡಿ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಮಲದ ವಾಸನೆ ಇದ್ದರೆ ಒಳಚರಂಡಿ ಸೋರಿಕೆ ಎಂದೇ ಬರೆಯಿರಿ. ಚರಂಡಿ ರಾಷ್ಟ್ರೀಯ ಹೆದ್ದಾರಿ 66ರ ಅಂಚಿನದಾದರೆ ಹೆದ್ದಾರಿ ಪ್ರಾಧಿಕಾರಕ್ಕೂ ತಿಳಿಸಿ. ಎತ್ತಿದ ಹೂಳನ್ನು ಪಕ್ಕದಲ್ಲೇ ಗುಡ್ಡೆ ಹಾಕಿ ಹೋದರೆ ಕೆಲಸ ಮುಗಿಯಿತೆಂದು ಒಪ್ಪಬೇಡಿ, ಮುಂದಿನ ಮಳೆಗೆ ಅದೇ ಮಣ್ಣು ಪುನಃ ಒಳಗೆ.