ತಣ್ಣಗಾದ ಮೇಲೆ ಹಿಡಿಯುವ ಬ್ರೇಕನ್ನು ನಂಬಬೇಡಿ

ರಜೆಯ ಪ್ರವಾಸ ಮುಗಿಸಿ ಜನ ಊರಿಗೆ ಮರಳಿದ ಮೇಲೆ ಬರುವ ಪತ್ರಗಳಲ್ಲಿ ಬ್ರೇಕಿನ ದೂರುಗಳೇ ಹೆಚ್ಚು. ಕೆಳಗಿನ ಮೊದಲ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದರೂ ಅದು ಮತ್ತೆ ಬರುತ್ತಿರುವುದರಿಂದ, ಈ ಬಾರಿ ಹೆಚ್ಚಿನ ಜಾಗವನ್ನು ಅದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ದಾವಣಗೆರೆಯಿಂದ ಐದು ಜನ ಉಡುಪಿಗೆ ಹೊರಟಿದ್ದೆವು. ಆಗುಂಬೆ ಘಾಟಿ ಇಳಿಯುವಾಗ ಬ್ರೇಕ್ ಪೆಡಲ್ ಮೆತ್ತಗಾಗಿ ತಳ ಮುಟ್ಟಿತು. ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದೆವು. ಅರ್ಧ ಗಂಟೆಯ ಬಳಿಕ ಬ್ರೇಕ್ ತಾನಾಗಿಯೇ ಸರಿಹೋಯಿತು. ಊರಿಗೆ ಬಂದು, ಕಡಿಮೆಯಾಗಿದ್ದ ಬ್ರೇಕ್ ಆಯಿಲ್ ತುಂಬಿಸಿ, ವಿಡಿಯೊ ನೋಡಿಕೊಂಡು ಮುಂದಿನ ಪ್ಯಾಡ್‌ಗಳನ್ನು ನಾನೇ ಬದಲಿಸಿದೆ. ಆಗ ಆಯಿಲ್ ಉಕ್ಕಿ ಚೆಲ್ಲಿತು. ಇನ್ನು ಧೈರ್ಯವಾಗಿ ಘಾಟಿಗೆ ಹೋಗಬಹುದೇ?

ಉತ್ತರ: ಹೋಗಬೇಡಿ. ಪ್ಯಾಡ್ ಕಾದು ಹಿಡಿತ ಬಿಟ್ಟರೆ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ತುಳಿದರೂ ಕಾರು ಮಾತ್ರ ನಿಲ್ಲುವುದಿಲ್ಲ. ನಿಮ್ಮ ಪೆಡಲ್ ತಳ ಮುಟ್ಟಿದೆ. ಎಂದರೆ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನೊಳಗೆ ಆಯಿಲ್ ಕುದಿದು ಆವಿಯಾಗಿದೆ. ದ್ರವದಂತೆ ಆವಿ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವುದಿಲ್ಲ, ತಾನೇ ಕುಗ್ಗಿಬಿಡುತ್ತದೆ. ತಣ್ಣಗಾದಾಗ ಆವಿ ಮತ್ತೆ ದ್ರವವಾಯಿತು, ನಿಮಗೆ ಬ್ರೇಕ್ ಸರಿಹೋದಂತೆ ಕಂಡಿತು. ಹ್ಯಾಂಡ್ ಬ್ರೇಕ್ ಕೆಲಸ ಮಾಡಿದ್ದು ಅದು ಕೇಬಲ್ಲಿನಿಂದ ನಡೆಯುವುದರಿಂದ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಡಾಟ್ 4 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಶೇ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ನಮ್ಮ ಬಯಲುಸೀಮೆಯ ಒಣಹವೆಯಲ್ಲಿ ನೀರೆಲ್ಲಿಂದ ಬಂತೆಂದು ವಾದಿಸುವವರಿದ್ದಾರೆ. ರಬ್ಬರ್ ಹೋಸ್‌ಗಳ ಮೂಲಕವೇ ತೇವ ಒಳಸೇರುತ್ತದೆ, ಮಳೆಗಾಲ ಇಲ್ಲಿಗೂ ಬರುತ್ತದೆ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೆದ್ದಾರಿಯಲ್ಲಿ ವರ್ಷಗಟ್ಟಲೆ ಓಡಾಡಿದರೂ ಬ್ರೇಕ್ ಅಷ್ಟು ಕಾಯುವುದಿಲ್ಲವಾದ್ದರಿಂದ ಹಳೆಯ ಆಯಿಲ್ ಸಿಕ್ಕಿಬೀಳುವುದು ಘಾಟಿಯಲ್ಲಿ ಮಾತ್ರ.

ಇನ್ನು ನಿಮ್ಮ ರಿಪೇರಿಯ ವಿಷಯ. ಪ್ಯಾಡ್ ಸವೆದಂತೆ ಅದನ್ನು ತಳ್ಳುವ ಪಿಸ್ಟನ್ ಮುಂದೆ ಬಂದು ಆಯಿಲ್ ಡಬ್ಬಿಯ ಮಟ್ಟ ಇಳಿಯುತ್ತದೆ. ಹೊಸ ಪ್ಯಾಡ್ ಕೂರಿಸಲು ಪಿಸ್ಟನ್ನನ್ನು ಹಿಂದೆ ಒತ್ತಿದಾಗ ಆ ಆಯಿಲ್ ಮೇಲಕ್ಕೆ ಮರಳುತ್ತದೆ. ನೀವು ಅದಕ್ಕೂ ಮೊದಲೇ ತುಂಬಿಸಿದ್ದರಿಂದ ಚೆಲ್ಲಿತು. ಚೆಲ್ಲಿದ ಜಾಗದ ಬಣ್ಣ ಏಳುವ ಮೊದಲು ನೀರಿನಿಂದ ತೊಳೆಯಬೇಕಿತ್ತು. ಕ್ಯಾಲಿಪರಿನಲ್ಲಿ ಕುದಿದ ಹಳೆಯ ಆಯಿಲ್ ಈಗಲೂ ಒಳಗೇ ಇದೆ.

ನಾಲ್ಕೂ ಚಕ್ರಗಳಿಂದ ಹಳೆಯದನ್ನು ಪೂರ್ತಿ ಹೊರಹಾಕಿಸಿ, ಡಬ್ಬಿಯ ಮುಚ್ಚಳದ ಮೇಲೆ ನಮೂದಿಸಿರುವ ದರ್ಜೆಯ ಹೊಸ ಆಯಿಲ್ ಹಾಕಿಸಿ. ಸೀಲಾದ ಬಾಟಲಿಯನ್ನು ನಿಮ್ಮ ಕಣ್ಣೆದುರೇ ಒಡೆಯಲಿ. ಎರಡು ವರ್ಷಕ್ಕೊಮ್ಮೆ ಇದು ಆಗಲೇಬೇಕು. ‘ಏರ್ ತೆಗೆದರೆ ಸಾಕು ಸಾರ್’ ಎನ್ನುವ ಮೇಸ್ತ್ರಿಯ ಬಳಿ ಪಂಕ್ಚರ್ ಕೂಡ ಹಾಕಿಸಬೇಡಿ. ಮನೆಯಂಗಳದಲ್ಲಿ ಈ ಕೆಲಸ ಮಾಡಬಾರದೆಂಬುದು ನನ್ನ ಹಟವೆಂದೇ ತಿಳಿಯಿರಿ: ಕೆಲಸದ ನಡುವೆ ಡಬ್ಬಿ ಒಮ್ಮೆ ಬರಿದಾದರೆ ಗಾಳಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ) ಘಟಕದೊಳಗೆ ಸೇರುತ್ತದೆ, ಹಲವು ಕಾರುಗಳಲ್ಲಿ ಅದನ್ನು ಹೊರಗೆಳೆಯಲು ಸ್ಕ್ಯಾನರ್ ಬೇಕಾಗುತ್ತದೆ. ನಿಮ್ಮ ಕೈಲಾಗುವ ಪರೀಕ್ಷೆ ಬೇರೊಂದಿದೆ. ಎಂಜಿನ್ ಚಾಲೂ ಇಟ್ಟು ಪೆಡಲನ್ನು ಒಂದು ನಿಮಿಷ ಒಂದೇ ಬಲದಲ್ಲಿ ಒತ್ತಿ ಹಿಡಿಯಿರಿ. ಅದು ಮೆಲ್ಲಗೆ ಕೆಳಗೆ ಜಾರುತ್ತಾ ಹೋದರೆ ಪೆಡಲಿನ ಒತ್ತಡವನ್ನು ಆಯಿಲ್‌ಗೆ ಕೊಡುವ ಮಾಸ್ಟರ್ ಸಿಲಿಂಡರಿನ ರಬ್ಬರ್ ಸೋತಿರಬಹುದು ಅಥವಾ ಎಲ್ಲೋ ಸೋರಿಕೆ ಇದೆ. ಆ ಕಾರನ್ನು ರಸ್ತೆಗಿಳಿಸಬೇಡಿ.

ಪ್ರಶ್ನೆ: ತುರ್ತಿಗೆ ಸ್ಟೀರಿಂಗ್ ಆಯಿಲ್ ಸುರಿಯಬಹುದೇ?

ಉತ್ತರ: ಕೂಡದು, ಸೀಲ್‌ಗಳು ಉಬ್ಬಿ ಇಡೀ ವ್ಯವಸ್ಥೆ ಹಾಳಾಗುತ್ತದೆ.

ಪ್ರಶ್ನೆ: ಕಿರುಗುಟ್ಟುವ ಡಿಸ್ಕಿಗೆ ಗ್ರೀಸ್ ಸವರಬೇಕೆನ್ನುತ್ತಾರೆ, ನಿಜವೇ?

ಉತ್ತರ: ಹಾಗೆಂದವರನ್ನು ಕಾರಿನ ಹತ್ತಿರ ಬಿಡಬೇಡಿ.

ಪ್ರಶ್ನೆ: ಜೋಗಿಮಟ್ಟಿಯಿಂದ ಇಳಿಯುವಾಗ ನ್ಯೂಟ್ರಲ್ ಮಾಡಿ ಎಂಜಿನ್ ಆರಿಸಿದರೆ ಪೆಟ್ರೋಲ್ ಉಳಿಯುವುದಿಲ್ಲವೇ?

ಉತ್ತರ: ಎಂಜಿನ್ ಆರಿದ ಮೇಲೆ ಎರಡು ಮೂರು ಸಲ ತುಳಿಯುವಷ್ಟರಲ್ಲಿ ತುಳಿತಕ್ಕೆ ಬಲ ಕೂಡಿಸುವ ಬೂಸ್ಟರಿನ ನೆರವು ಮುಗಿದು ಪೆಡಲ್ ಕಲ್ಲಾಗುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ, ಕೀ ತೆಗೆದರೆ ಅದು ಲಾಕ್ ಕೂಡ ಆಗಬಹುದು. ಹತ್ತಲು ಯಾವ ಗೇರ್ ಬೇಕೋ ಅದರಲ್ಲೇ ಇಳಿಯಿರಿ. ಇಂದಿನ ಇಂಜೆಕ್ಷನ್ ಕಾರುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ಪೂರೈಕೆ ತಾನಾಗಿಯೇ ನಿಲ್ಲುವುದರಿಂದ, ನೀವು ಉಳಿಸಲು ಹೊರಟಿರುವುದು ಹೇಗೂ ಉಳಿದೇ ಇರುತ್ತದೆ.